ವೀಸಾ ಫಾರ್ಮಿನಲ್ಲಿ ನನ್ನ ತಮ್ಮನಿಗೆ ಜಾಗವಿಲ್ಲ

ಸಂಪಾದಕರಿಗೆ ನಮಸ್ಕಾರ.

ವಯಸ್ಸಾದ ಅಪ್ಪ ಅಮ್ಮನನ್ನು ವಿದೇಶಕ್ಕೆ ಕರೆಸಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ವಿವರ ಚೆನ್ನಾಗಿಯೇ ಇತ್ತು. ಆದರೆ ನಾನು ಹುಡುಕುತ್ತಿದ್ದ ಮಾತು ಕೊನೆಯವರೆಗೂ ಸಿಗಲಿಲ್ಲ. ಆ ಅಪ್ಪ ಅಮ್ಮನನ್ನೇ ನಂಬಿಕೊಂಡ ಅಂಗವಿಕಲ ಮಗನೋ ಮಗಳೋ ಮನೆಯಲ್ಲಿದ್ದರೆ? ಅವರಿಗೆ 21 ವರ್ಷ ಎಂದೋ ದಾಟಿಹೋಗಿದ್ದರೆ? ನಮ್ಮದು ಅಂಥ ಮನೆ. ಹತ್ತು ವರ್ಷಕ್ಕೂ ಜಾಸ್ತಿ ಇದರ ಹಿಂದೆ ಓಡಾಡಿದ್ದೇನೆ. ನನಗೆ ತಡವಾಗಿ ತಿಳಿದಿದ್ದು ಬೇರೆಯವರಿಗಾದರೂ ಬೇಗ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನ ತಮ್ಮ ಹುಟ್ಟಿದ್ದು 1982ರಲ್ಲಿ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಬುದ್ಧಿಯ ಬೆಳವಣಿಗೆಯೂ ನಿಧಾನ. ಗೋಡೆ ಹಿಡಿದು ನಡೆಯುತ್ತಾನೆ. ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಾನೆ, ಕೆಳಗಿನಿಂದ ಶುರು ಮಾಡಿ. ಕಾಲು ಗಂಟೆ ಹಿಡಿಯುತ್ತದೆ. ನಡುವೆ ಯಾರಾದರೂ ಕೈ ಹಾಕಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಹಾಕುತ್ತಾನೆ. ಕುತ್ತಿಗೆ ಹತ್ತಿರದ ಗುಂಡಿ ಮಾತ್ರ ಅವನ ಬೆರಳಿಗೆ ಸಿಗುವುದಿಲ್ಲ. ಅದಕ್ಕೆ ಅಮ್ಮ ಬರಬೇಕು. ಅವಳು ಬರುವವರೆಗೆ ಗಲ್ಲ ಎತ್ತಿಕೊಂಡು ಕಾಯುತ್ತಾನೆ. ಅಮ್ಮ ಹುಟ್ಟಿದ್ದು 1949ರಲ್ಲಿ. ಅಪ್ಪ ಈಗಿಲ್ಲ. ನಾವು ಇಬ್ಬರೇ ಮಕ್ಕಳು.

ನಾನು 2013ರಲ್ಲಿ ಅಮೆರಿಕದ ಪೌರತ್ವ ತೆಗೆದುಕೊಂಡೆ. ಅಲ್ಲಿ 21 ತುಂಬಿದ ಪೌರರು ತಂದೆ ತಾಯಿಗಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಈ ವರ್ಗಕ್ಕಿಲ್ಲ, ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲುವುದೂ ಇಲ್ಲ. ಅದಕ್ಕೆಂದೇ ಇರುವ ಐ-130 ಫಾರ್ಮ್ ತುಂಬಲು ಕೂತಾಗ ತಮ್ಮನೂ ಅವರ ಜೊತೆಗೇ ಬರುತ್ತಾನೆ ಎಂದುಕೊಂಡಿದ್ದೆ. ಅವರನ್ನು ಬಿಟ್ಟು ಅವನು ಒಂದು ದಿನ ಇದ್ದವನಲ್ಲ. ವಕೀಲರು ಒಂದೇ ಮಾತಿನಲ್ಲಿ ಹೇಳಿದರು: ಪೌರರ ತಂದೆ ತಾಯಿಯ ಅರ್ಜಿಯಲ್ಲಿ ಅವರ ಬೇರೆ ಮಕ್ಕಳನ್ನು ಸೇರಿಸಲು ಬರುವುದಿಲ್ಲ. ಐದು ವರ್ಷದ ಮಗುವಾದರೂ ಇಲ್ಲ, ಹಾಸಿಗೆ ಹಿಡಿದ ಮಗನಾದರೂ ಇಲ್ಲ. ಅಪ್ಪನಿಗೊಂದು ಅರ್ಜಿ, ಅಮ್ಮನಿಗೊಂದು ಅರ್ಜಿ, ಅಷ್ಟೇ.

ತಮ್ಮನಿಗೆ ಉಳಿದಿದ್ದು ಎರಡು ದಾರಿ. ಒಂದು, ಅಕ್ಕನಾಗಿ ನಾನೇ ಹಾಕುವ ಎಫ್4 ಅರ್ಜಿ. ಇಡೀ ಜಗತ್ತಿನ ಒಡಹುಟ್ಟಿದವರಿಗೆಲ್ಲ ಸೇರಿ ಈ ವರ್ಗದಲ್ಲಿ ವರ್ಷಕ್ಕೆ 65,000 ವೀಸಾ. ದೇಶವಾರು ಮಿತಿ ಬೇರೆ. ಭಾರತದಲ್ಲಿ ಹುಟ್ಟಿದವರ ಸಾಲು 2025ರಲ್ಲಿ ಇನ್ನೂ 2006ರ ಅರ್ಜಿಗಳ ಹತ್ತಿರ ಇತ್ತು. ನಾನು ಹಾಕಿದ್ದು 2014ರಲ್ಲಿ. ನಮಗೂ ಅಷ್ಟೇ, ಅಂದರೆ ಹತ್ತೊಂಬತ್ತು ವರ್ಷ, ಹಿಡಿದರೂ ಸರದಿ ಬರುವಾಗ ತಮ್ಮನಿಗೆ 51, ಅಮ್ಮನಿಗೆ 84. ಅಂಗವಿಕಲರಿಗೆ ಮೊದಲು ಎಂಬ ನಿಯಮ ಈ ಸಾಲಿನಲ್ಲಿ ಇಲ್ಲ.

ಇನ್ನೊಂದು ಎಫ್2ಬಿ. ಗ್ರೀನ್ ಕಾರ್ಡ್ ಇರುವ ತಂದೆ ಅಥವಾ ತಾಯಿ, 21 ದಾಟಿದ ಮದುವೆಯಾಗದ ಮಗ ಅಥವಾ ಮಗಳಿಗಾಗಿ ಹಾಕುವ ಅರ್ಜಿ. ಇದರ ಸಾಲು ಎಫ್4ಗಿಂತ ತುಂಬಾ ಚಿಕ್ಕದು, ಎಂಟೊಂಬತ್ತು ವರ್ಷ. ಆದರೆ ಗ್ರೀನ್ ಕಾರ್ಡ್ ಇಟ್ಟುಕೊಂಡವರು ನಿಜವಾಗಿ ಅಮೆರಿಕದಲ್ಲಿ ಬದುಕುತ್ತಿರಬೇಕು. ವರ್ಷಗಟ್ಟಲೆ ಹೊರಗಿದ್ದರೆ ಕಾರ್ಡ್ ಹೋಗುತ್ತದೆ. ಅಂದರೆ ಅಪ್ಪ ಅಮ್ಮ ಮೊದಲು ಮಗನನ್ನು ಊರಲ್ಲೇ ಬಿಟ್ಟು ಬರಬೇಕು. ಬಂದು ಅವನಿಗಾಗಿ ಅರ್ಜಿ ಹಾಕಿ ಕಾಯಬೇಕು. ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, ‘ಅವನನ್ನು ಕರೆಸೋಕೆ ಅವನನ್ನೇ ಬಿಟ್ಟು ಬರಬೇಕಾ?’

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇತ್ತು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಇಬ್ಬರೂ ಬರಬೇಕಿರಲಿಲ್ಲ. ಅಪ್ಪ 2014ರಲ್ಲಿ ಗಟ್ಟಿಮುಟ್ಟಾಗಿದ್ದರು. ಅವರೊಬ್ಬರೇ ನನ್ನ ಹತ್ತಿರ ಬಂದು, ಆಗಾಗ ಊರಿಗೆ ಹೋಗಿ ಬರುತ್ತಾ, ತಮ್ಮನಿಗಾಗಿ ಅರ್ಜಿ ಹಾಕಬಹುದಿತ್ತು. ಅಮ್ಮ ಅವನ ಜೊತೆಗೇ ಇರಬಹುದಿತ್ತು. 2015ರ ಆರಂಭದಲ್ಲಿ ಹಾಕಿದ ಎಫ್2ಬಿ ಅರ್ಜಿಗಳ ಸರದಿ 2023ರ ಹೊತ್ತಿಗೆ ಬಂದಾಗಿತ್ತು. ಅಪ್ಪ ತೀರಿಕೊಂಡಿದ್ದು 2024ರ ಕೊನೆಗೆ. ಈ ಎರಡು ವರ್ಷಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡು ನಾನು ಎಷ್ಟು ರಾತ್ರಿ ಕೂತಿದ್ದೇನೋ ಲೆಕ್ಕವಿಲ್ಲ. ಸುಲಭದ ದಾರಿ ಎಂದು ಹೇಳುತ್ತಿಲ್ಲ. ವಯಸ್ಸಾದ ಗಂಡ ಹೆಂಡತಿ ಅಷ್ಟು ವರ್ಷ ದೂರ ಇರುವುದು ಸಣ್ಣ ಮಾತಲ್ಲ. ಆದರೆ ದಾರಿ ಇತ್ತು, ಮತ್ತು ಅದು ಅಪ್ಪನ ಮೂಲಕ ಹೋಗುತ್ತಿತ್ತು.

ನನ್ನ ಮುಖ್ಯ ಮಾತು ಇದೇ. ಬಹುತೇಕ ದೇಶಗಳ ಕಾನೂನಿನಲ್ಲಿ ಅಂಗವಿಕಲ ವಯಸ್ಕರಿಗೆ ದಾರಿ ಇದ್ದರೆ ಅದು ತಂದೆ ತಾಯಿಯ ಮೂಲಕ. ಅಣ್ಣ, ಅಕ್ಕ, ಅತ್ತಿಗೆ, ಚಿಕ್ಕಪ್ಪ ಎಂದರೆ ಕಾನೂನಿನಲ್ಲಿ ತೂಕ ತೀರಾ ಕಡಿಮೆ. ‘ನಾವು ಇರುವವರೆಗೆ ನೋಡ್ಕೋತೀವಿ, ಆಮೇಲೆ ಮಗಳು ಕರೆಸ್ಕೋತಾಳೆ’ ಎಂದು ಅಪ್ಪ ಅಮ್ಮ ಹೇಳುತ್ತಿರುತ್ತಾರೆ ಅಲ್ವಾ? ಆ ‘ಆಮೇಲೆ’ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಅಮೆರಿಕದಲ್ಲಂತೂ ಅರ್ಜಿ ಹಾಕಿದ ತಾಯಿ ನಡುವೆ ತೀರಿಕೊಂಡರೆ ಅರ್ಜಿಯೂ ಬಿದ್ದುಹೋಗುತ್ತದೆ. ಮೊದಲೇ ಮಂಜೂರಾಗಿದ್ದರೆ, ಮಾನವೀಯ ನೆಲೆಯಲ್ಲಿ ಅದಕ್ಕೆ ಮತ್ತೆ ಜೀವ ಕೊಡಿ ಎಂದು ಕೇಳಬಹುದು. ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟಿದ್ದು.

ಕೆಲವು ತಿಂಗಳ ಮಟ್ಟಿಗಾದರೂ ಬಂದು ಇರಲಿ ಎಂದು 2017ರಲ್ಲಿ ಮೂವರಿಗೂ ಪ್ರವಾಸಿ ವೀಸಾಕ್ಕೆ ಹಾಕಿದೆವು. ಫೋಟೊ ಎರಡಿಂಚು ಚದರ ಇರಬೇಕು, ಬಿಳಿ ಹಿನ್ನೆಲೆ, ಮುಖ ನೇರ, ಕಣ್ಣು ತೆರೆದಿರಬೇಕು. ತಮ್ಮನ ಕುತ್ತಿಗೆ ಎಡಕ್ಕೆ ವಾಲುತ್ತದೆ. ಫ್ಲ್ಯಾಶ್ ಬಂದ ತಕ್ಷಣ ಕಣ್ಣು ಮುಚ್ಚುತ್ತಾನೆ. ನಾನು ರಜೆಗೆ ಹೋಗಿದ್ದೆ, ಮನೆಯಲ್ಲೇ ಬಿಳಿ ಬೆಡ್‌ಶೀಟ್ ಕಟ್ಟಿ ತೆಗೆದೆ. ಅಮ್ಮ ಕ್ಯಾಮೆರಾಗೆ ಕಾಣದ ಹಾಗೆ ನೆಲದ ಮೇಲೆ ಕೂತು ಅವನ ಎರಡೂ ಮೊಣಕೈ ಹಿಡಿದುಕೊಂಡಿದ್ದಳು. ಅವಳು ಕೆಳಗಿದ್ದಾಳೆ ಎಂದು ಅವನು ಪ್ರತಿ ಸಲವೂ ತಲೆ ಬಗ್ಗಿಸಿ ನೋಡುತ್ತಿದ್ದ. ಕೊನೆಗೆ ಅಮ್ಮನನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿದೆ. ಆಗ ನೇರ ನೋಡಿದ. ಅದೇ ಫೋಟೊ ಹೋಯಿತು.

ಅಪ್ಪ ಅಮ್ಮನಿಗೆ ವೀಸಾ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಪ್ರವಾಸಿ ವೀಸಾ ಕೇಳುವವರು ವಾಪಸ್ ಹೋಗುತ್ತೇವೆ ಎಂದು ತಾವೇ ಮನವರಿಕೆ ಮಾಡಿಕೊಡಬೇಕು. ಕಾನೂನಿನ 214(ಬಿ) ಎಂಬ ವಿಧಿ ಇರುವುದೇ ಅದಕ್ಕೆ. ಕೆಲಸ, ಆಸ್ತಿ, ಹೆಂಡತಿ ಮಕ್ಕಳನ್ನು ತೋರಿಸಿ ಬೇರೆಯವರು ಮನವರಿಕೆ ಮಾಡುತ್ತಾರೆ. ನನ್ನ ತಮ್ಮ ಏನನ್ನು ತೋರಿಸಬೇಕು? ಅವನ ಹೆಸರಲ್ಲಿ ಎಫ್4 ಅರ್ಜಿ ಇರುವುದನ್ನು ವೀಸಾ ಫಾರ್ಮಿನಲ್ಲಿ ಹೇಳಲೇಬೇಕಿತ್ತು, ಹೇಳಿದೆವು. ಇವನು ಅಲ್ಲೇ ನೆಲೆಸಲು ಹೊರಟಿದ್ದಾನೆ ಎನ್ನುವುದಕ್ಕೆ ಅದೇ ಆಧಾರವಾಗುತ್ತದೆ. ಆಗ ಒಬ್ಬ ಏಜೆಂಟ್ ಸಲಹೆ ಕೊಟ್ಟಿದ್ದ: ‘ಮುಂದೆ ಯಾವ ಫಾರ್ಮಿನಲ್ಲೂ ತಮ್ಮ ಇದ್ದಾನೆ ಅಂತ ಬರೀಬೇಡಿ ಮೇಡಂ, ಸುಮ್ನೆ ತೊಂದರೆ.’

ಈ ಸಲಹೆಗೆ ಯಾರೂ, ಯಾವತ್ತೂ ಕಿವಿಗೊಡಬೇಡಿ. ಕೆನಡಾದಲ್ಲಿ ಕಾಯಂ ನಿವಾಸಕ್ಕೆ ಅರ್ಜಿ ಹಾಕುವಾಗ ಕುಟುಂಬದ ಒಬ್ಬರ ಹೆಸರು ಬಿಟ್ಟರೆ, ಅವರನ್ನು ಮುಂದೆ ಸ್ಪಾನ್ಸರ್ ಮಾಡುವ, ಅಂದರೆ ತಮ್ಮ ಜವಾಬ್ದಾರಿಯಲ್ಲಿ ಕರೆಸಿಕೊಳ್ಳುವ ಹಕ್ಕೇ ಸಾಮಾನ್ಯವಾಗಿ ಹೋಗುತ್ತದೆ. ಅವರು ಜೊತೆಗೆ ಬರದಿದ್ದರೂ ಹೆಸರು ಇರಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು. ಮಗುವಿನ ಅಂಗವೈಕಲ್ಯ ಮುಚ್ಚಿಟ್ಟರೆ ವೀಸಾ ಬೇಗ ಸಿಗುತ್ತದೆ ಎಂದುಕೊಂಡವರು ಆ ಮಗುವನ್ನೇ ಕಳೆದುಕೊಳ್ಳುವ ಹಾಗಾಗುತ್ತದೆ.

ಹಾಗೆ ನೋಡಿದರೆ ನಾನು ತಿಳಿದುಕೊಂಡ ನಿಯಮಗಳಲ್ಲಿ ಕೆನಡಾದ್ದೇ ಹೆಚ್ಚು ಮನುಷ್ಯರ ಕಷ್ಟ ಬಲ್ಲದ್ದು. ಅಲ್ಲಿ ಅವಲಂಬಿತ ಮಗು ಎಂದರೆ 22 ತುಂಬದ, ಮದುವೆಯಾಗದ ಮಗ ಅಥವಾ ಮಗಳು. ಆದರೆ 22 ತುಂಬುವ ಮೊದಲಿನಿಂದಲೂ ಅಪ್ಪ ಅಮ್ಮನ ದುಡ್ಡಿನಲ್ಲೇ ಬದುಕುತ್ತಿದ್ದು, ದೈಹಿಕ ಅಥವಾ ಮಾನಸಿಕ ಸ್ಥಿತಿಯಿಂದಾಗಿ ದುಡಿಯಲಾಗದವರಿಗೆ ಎಷ್ಟೇ ವಯಸ್ಸಾಗಿರಲಿ, ಅವರೂ ಅವಲಂಬಿತರೇ. ಅಲ್ಲಿ ನೆಲೆಸಿದ ಮಗಳು ಅಪ್ಪ ಅಮ್ಮನನ್ನು ಸ್ಪಾನ್ಸರ್ ಮಾಡಿದರೆ ಅಂಥ ತಮ್ಮನನ್ನೂ ಅದೇ ಅರ್ಜಿಯಲ್ಲಿ ಸೇರಿಸಬಹುದು. ನಮ್ಮ ಅಮ್ಮನ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ತೊಡಕು ಅಲ್ಲೂ ಇದೆ. ತಂದೆ ತಾಯಿಯನ್ನು ಕರೆಸುವ ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಯಾವಾಗ ಬೇಕಾದರೂ ಅರ್ಜಿ ಹಾಕಲಾಗುವುದಿಲ್ಲ, ಆಹ್ವಾನ ಬರಬೇಕು. ಬಂದು ಬಹುಕಾಲ ಇದ್ದು ಹೋಗಲು ಕೊಡುವ ಸೂಪರ್ ವೀಸಾ ಎಂಬುದು ತಂದೆ ತಾಯಿ, ಅಜ್ಜ ಅಜ್ಜಿಗೆ ಮಾತ್ರ, ಅವಲಂಬಿತರನ್ನು ಸೇರಿಸಲು ಬರುವುದಿಲ್ಲ. ಆರೋಗ್ಯದ ಖರ್ಚು ಸರ್ಕಾರಕ್ಕೆ ವಿಪರೀತ ಹೊರೆ ಎನಿಸಿದರೆ ಒಬ್ಬರಿಗೆ ಮಾತ್ರವಲ್ಲ, ಇಡೀ ಮನೆಗೆ ಇಲ್ಲ ಎನ್ನಬಹುದು. ತನ್ನ ಸ್ವಂತ ಅವಲಂಬಿತ ಮಗುವನ್ನು ಸ್ಪಾನ್ಸರ್ ಮಾಡುವವರಿಗೆ ಈ ಹೊರೆಯ ಲೆಕ್ಕದಿಂದ ವಿನಾಯಿತಿ ಇದೆ. ಅಪ್ಪ ಅಮ್ಮನ ಜೊತೆ ಬರುವ ತಮ್ಮನಿಗೆ ಇಲ್ಲ. ಆದರೂ ಆ ಲೆಕ್ಕ ಈಗ ಮೊದಲಿನಷ್ಟು ಕಟುವಲ್ಲ. ಕಾಯಿಲೆಯ ಹೆಸರು ನೋಡಿ ತಳ್ಳಿಹಾಕಬೇಡಿ, ಆ ವ್ಯಕ್ತಿಯ ನಿಜವಾದ ಅಗತ್ಯ, ಕುಟುಂಬದ ಶಕ್ತಿ ನೋಡಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತು. ಡೌನ್ ಸಿಂಡ್ರೋಮ್ ಇರುವ ಮಗನಿದ್ದಾನೆ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ 2016ರಲ್ಲಿ ಕಾಯಂ ನಿವಾಸ ನಿರಾಕರಿಸಿದಾಗ ಜನ ದನಿ ಎತ್ತಿದರು, ಕೊನೆಗೆ ಆ ಕುಟುಂಬಕ್ಕೆ ಅನುಮತಿ ಸಿಕ್ಕಿತು. 2018ರಲ್ಲಿ ಸರ್ಕಾರ ಖರ್ಚಿನ ಮಿತಿಯನ್ನು ಮೂರು ಪಟ್ಟು ಮಾಡಿ, ವಿಶೇಷ ಶಿಕ್ಷಣದಂಥ ಸೇವೆಗಳನ್ನು ಲೆಕ್ಕದಿಂದಲೇ ತೆಗೆಯಿತು. ಜನ ಕೇಳಿದ್ದರಿಂದ ಬದಲಾಯಿತು ಎಂಬುದನ್ನು ನಾನು ಮರೆಯುವುದಿಲ್ಲ.

ಬ್ರಿಟನ್ನಿನ ನಿಯಮ ಮೊದಲ ಸಲ ಓದಿದಾಗ ನನ್ನ ಕಣ್ಣು ಅರಳಿತ್ತು. ಅಲ್ಲಿ ವಯಸ್ಕ ಅವಲಂಬಿತರ ಪಟ್ಟಿಯಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಎಂದು ಬಿಡಿಸಿ ಬರೆದಿದ್ದಾರೆ. ಮುಂದೆ ಓದಿದೆ. 2012ರ ಜುಲೈನಿಂದ ಇರುವ ಷರತ್ತು ಏನೆಂದರೆ, ದಿನನಿತ್ಯದ ಕೆಲಸಕ್ಕೇ ಇನ್ನೊಬ್ಬರು ಬೇಕು ಎಂಬ ಸ್ಥಿತಿ ಇರಬೇಕು. ಅಷ್ಟು ಸಾಲದು, ಬ್ರಿಟನ್ನಿನಲ್ಲಿರುವವರು ಹಣ ಕಳಿಸಿದರೂ ಅವರಿರುವ ದೇಶದಲ್ಲಿ ಆ ಆರೈಕೆ ಸಿಗುವುದಿಲ್ಲ ಎಂದು ಸಾಬೀತು ಮಾಡಬೇಕು. ಕರೆಸಿಕೊಂಡು ಸಾಕುವಷ್ಟು ದುಡಿಮೆ ಇದ್ದವರಿಗೆ ಅಲ್ಲಿಂದಲೇ ಹಣ ಕಳಿಸಿ ಆಳಿಡಲು ಏಕೆ ಆಗುವುದಿಲ್ಲ ಎಂದು ಕೇಳುತ್ತಾರೆ. ಕುತ್ತಿಗೆಯ ಗುಂಡಿಗೆ ಅಮ್ಮನನ್ನೇ ಕಾಯುವವನ ಆರೈಕೆಯನ್ನು ಯಾವ ಆಳು ಮಾಡುತ್ತಾನೆ? ಈ ನಿಯಮವನ್ನು 2017ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿದಿದೆ.

ಆಸ್ಟ್ರೇಲಿಯದಲ್ಲಿ ಅಲ್ಲಿನ ಪೌರರ ಅಥವಾ ಕಾಯಂ ನಿವಾಸಿಗಳ ಮಗುವಿಗೆ ದುಡಿಯಲಾಗದಷ್ಟು ಅಂಗವೈಕಲ್ಯ ಇದ್ದರೆ ಮಕ್ಕಳ ವೀಸಾಕ್ಕೆ ವಯಸ್ಸು ಅಡ್ಡಿಯಲ್ಲ. ಅಡ್ಡಿ ಬರುವುದು ಆರೋಗ್ಯದ ಖರ್ಚಿನ ಮಿತಿ. 2024ರ ಜುಲೈನಲ್ಲಿ ಅದನ್ನು 86,000 ಆಸ್ಟ್ರೇಲಿಯನ್ ಡಾಲರಿಗೆ ಏರಿಸಿದ್ದಾರೆ. ಜರ್ಮನಿಯಲ್ಲಿ ಒಡಹುಟ್ಟಿದವರನ್ನು ಕರೆಸಲು ‘ಅಸಾಮಾನ್ಯ ಕಷ್ಟ’ ಇದೆ ಎಂದು ತೋರಿಸಬೇಕು. ಅದನ್ನು ತೋರಿಸಿ ಗೆದ್ದವರು ನನಗೆ ಇನ್ನೂ ಸಿಕ್ಕಿಲ್ಲ.

ನಾನು ಮಾಡದೇ ಬಿಟ್ಟ ಇನ್ನೊಂದು ಕೆಲಸ ಕಾಗದ ಪತ್ರ. ತಮ್ಮನ ಹಳೆಯ ವೈದ್ಯರ ಚೀಟಿಗಳನ್ನು ಅಮ್ಮ ಬಟ್ಟೆಯ ಚೀಲದಲ್ಲಿ ಇಟ್ಟಿದ್ದಳು. ಅರ್ಧಕ್ಕೆ ತೇವ ಹಿಡಿದು ಶಾಯಿ ಹೋಗಿದೆ. 22ಕ್ಕೆ ಮೊದಲೇ ಅವಲಂಬಿತ ಎಂದು ತೋರಿಸುವ ಕಾಗದಗಳನ್ನು 40ರಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತವೆ? ಮಕ್ಕಳಿಗೆ 18 ತುಂಬುವಾಗಲೇ ವೈದ್ಯರಿಂದ ಪೂರ್ತಿ ವರದಿ ಬರೆಸಿಕೊಳ್ಳಿ. ಅಂಗವೈಕಲ್ಯದ ಪ್ರಮಾಣಪತ್ರ, ಕಾನೂನುಬದ್ಧ ಪಾಲಕರು ಯಾರು ಎಂಬ ಆದೇಶ, ಖರ್ಚೆಲ್ಲ ಅಪ್ಪ ಅಮ್ಮನದೇ ಎಂದು ತೋರಿಸುವ ಬ್ಯಾಂಕಿನ ಲೆಕ್ಕ, ಎಲ್ಲ ಒಂದೇ ಕಡೆ ಇರಲಿ. ಸ್ಕ್ಯಾನ್ ಮಾಡಿ ದೂರದಲ್ಲಿರುವ ಮಕ್ಕಳಿಗೂ ಕಳಿಸಿ.

ಇಂಥವರೆಲ್ಲ ಬಂದರೆ ಸರ್ಕಾರದ ಮೇಲೆ ಭಾರ ಎನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಕುಟುಂಬದವರನ್ನು ಕರೆಸುವವರು ಐ-864 ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. ಬಂದವರನ್ನು ಬಡತನದ ಮಟ್ಟದ ಶೇ 125ಕ್ಕಿಂತ ಕೆಳಗೆ ಬೀಳಲು ಬಿಡುವುದಿಲ್ಲ ಎಂಬ ಒಪ್ಪಂದ ಅದು. ಬಂದವರು ಪೌರರಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಬಿಡುಗಡೆಯಿಲ್ಲ. ನನ್ನ ತಮ್ಮ ಎಂದೂ ದುಡಿಯಲಾರ. ಅಂದರೆ ಆ ಸಹಿ ನನ್ನನ್ನು ಬಹುಕಾಲ ಹಿಡಿದಿಡುತ್ತದೆ. ನಾನು ಸಂತೋಷವಾಗಿ ಹಾಕುತ್ತೇನೆ. ಪೆನ್ನು ಹಿಡಿದು ಕೂತಿದ್ದೇನೆ, ಫಾರ್ಮ್ ಕೊಡುವವರಿಲ್ಲ.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರದು. ಅಂಗವಿಕಲರಿಗೂ ಎಲ್ಲರಂತೆ ಓಡಾಡುವ, ನೆಲೆಸುವ ಜಾಗ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆ ಎನ್ನುತ್ತದೆ ಅದರ 18ನೇ ವಿಧಿ. ಅಮೆರಿಕ 2009ರಲ್ಲಿ ಸಹಿ ಹಾಕಿತು, 2012ರಲ್ಲಿ ಸೆನೆಟ್ ಒಪ್ಪಲಿಲ್ಲ. ಬ್ರಿಟನ್ ಮತ್ತು ಆಸ್ಟ್ರೇಲಿಯ ಒಪ್ಪಿದವು, ಆದರೆ ವಲಸೆಯ ವಿಷಯದಲ್ಲಿ ತಮ್ಮ ನಿಯಮಗಳಿಗೆ ಧಕ್ಕೆ ಬಾರದಂತೆ ಷರತ್ತು ಬರೆದುಕೊಂಡೇ ಒಪ್ಪಿದವು. ನಾನು ಕೇಳುವುದು ದೊಡ್ಡದೇನಲ್ಲ. ತಂದೆ ತಾಯಿಯನ್ನು ಕರೆಸುವ ಅರ್ಜಿಯಲ್ಲಿ, ಅವರನ್ನು ಬಿಟ್ಟು ಬದುಕಲಾಗದ ಮಗ ಅಥವಾ ಮಗಳ ಹೆಸರು ಬರೆಯಲು ಒಂದು ಸಾಲು ಕೊಡಿ. ಕೆನಡಾ ಕೊಟ್ಟಿದೆ. ಬೇರೆಯವರಿಗೇಕೆ ಆಗುವುದಿಲ್ಲ? ನಿಮ್ಮ ಓದುಗರಲ್ಲಿ ಅಂಥ ದೇಶಗಳಲ್ಲಿ ಮತ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಜನಪ್ರತಿನಿಧಿಗೆ ಒಂದು ಪತ್ರ ಬರೆಯಿರಿ. ನಾನು ಪ್ರತಿ ವರ್ಷ ಬರೆಯುತ್ತಿದ್ದೇನೆ.

ತಮ್ಮನ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದೆ. ಸರದಿ ಬಂದ ದಿನ ಅದು ಕೈಯಲ್ಲಿರಬೇಕು. ಮುಂದಿನ ತಿಂಗಳು ರಜೆ ಹಾಕಿ ಹೋಗುತ್ತಿದ್ದೇನೆ, ಹೊಸ ಫೋಟೊ ತೆಗೆಸಬೇಕು. ಈ ಸಲವೂ ಅಮ್ಮ ಕ್ಯಾಮೆರಾದ ಹಿಂದೆ ನಿಲ್ಲುತ್ತಾಳೆ.

ಇಂತಿ,
ಒಬ್ಬ ಅಕ್ಕ