ಗೈಗರ್ ಕೌಂಟರ್ ಹಿಡಿದು ರಡಾರ್ ಅಳೆದರು!

ಮಾನ್ಯ ಸಂಪಾದಕರೇ,

ಗೋಕುಲ ರಸ್ತೆಯ ನಮ್ಮ ಓಣಿಯಲ್ಲಿ ಗುರುವಾರ ನಡೆದ ರಡಾರ್ ವಿಕಿರಣ ತಪಾಸಣೆಯ ವರದಿ ನಿಮ್ಮಲ್ಲಿ ಬಂದಿದೆ. ‘ರೀಡಿಂಗ್ ಸಹಜ ಮಟ್ಟದಲ್ಲಿದೆ, ಜನ ಅಂಜಬೇಕಿಲ್ಲ’ ಎಂಬ, ತಪಾಸಣೆಗೆ ಬಂದ ಸಾಹೇಬರ ಮಾತೂ ಬಂದಿದೆ. ಅವರ ಕೈಯಲ್ಲಿದ್ದದ್ದು ಗೈಗರ್ ಕೌಂಟರ್ ಎಂಬುದು ಮಾತ್ರ ಬಂದಿಲ್ಲ. ಅದು ಎಕ್ಸ್‌ರೇ, ಗಾಮಾ ಕಿರಣ ಎಣಿಸುವ ಮೀಟರ್. ವಿಮಾನ ನಿಲ್ದಾಣಗಳ ಕಣ್ಗಾವಲು ರಡಾರ್ ಬಿಡುವುದು 2.7ರಿಂದ 2.9 ಗಿಗಾಹರ್ಟ್ಸ್‌ನ ರೇಡಿಯೊ ತರಂಗ. ರಡಾರ್ ಪೂರ್ತಿ ಶಕ್ತಿಯಲ್ಲಿ ಓಡಲಿ, ಬಂದ್ ಇರಲಿ, ಬೇಲಿಯ ಈಚೆ ಆ ಮೀಟರಿಗೆ ಎರಡೂ ಒಂದೇ. ಅದರ ಕೆಲಸವಿರುವುದು ಟ್ರಾನ್ಸ್‌ಮಿಟರ್ ಕೋಣೆಯಲ್ಲಿ. ಅಲ್ಲಿ ರಡಾರ್ ತರಂಗಕ್ಕೆ ಶಕ್ತಿ ಕೊಡುವ ಮ್ಯಾಗ್ನೆಟ್ರಾನ್, ಕ್ಲೈಸ್ಟ್ರಾನ್ ಕೊಳವೆಗಳಿದ್ದರೆ ಹೈವೋಲ್ಟೇಜಿಗೆ ಅವುಗಳಿಂದ ಎಕ್ಸ್‌ರೇ ಹೊರಡಬಹುದು. ಕ್ಯಾಬಿನೆಟ್ ಬಾಗಿಲು ತೆಗೆದು ದುರಸ್ತಿ ಮಾಡುವ ತಂತ್ರಜ್ಞನ ಸಲುವಾಗಿ ಅಲ್ಲಿ ಅಳೆಯಬೇಕು.

ಹತ್ತು ಗಂಟೆಗೆ ಬರುತ್ತೇವೆಂದವರು ಬಂದದ್ದು ಎರಡಕ್ಕೆ. ಅಲ್ಲಿತನಕ ವೈಫೈ ಬಂದ್, ಮನೆಗೊಬ್ಬರು ಕೆಲಸ ಬಿಟ್ಟು ಕಾಯಬೇಕು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತೆಗೆಯಬೇಕು. ಇಷ್ಟೆಲ್ಲ ಮಾಡಿಸಿ ಒಬ್ಬರೂ ಮಾಳಿಗೆ ಹತ್ತಲಿಲ್ಲ! ರಡಾರಿನ ಮುಖ್ಯ ಕಿರಣ ನೆಲ ಬಿಟ್ಟು ಮೇಲೆ ಹಾಯುತ್ತದೆ. ಅಳೆಯಬೇಕಾದದ್ದು ಆಂಟೆನಾದ ಎತ್ತರಕ್ಕೆ ಹತ್ತಿರವಿರುವ ಮೇಲಿನ ಮಹಡಿಗಳಲ್ಲಿ.

ಅಳೆಯುವ ಮೊದಲು ಲೆಕ್ಕ ಹಾಕಬೇಕು. ಪೀಕ್ ಪವರ್ (ಪಲ್ಸ್ ಹೊರಡುವ ಗಳಿಗೆಯ ಶಕ್ತಿ) 20 ಕಿಲೋವ್ಯಾಟ್, ಪಲ್ಸ್ 1 ಮೈಕ್ರೊಸೆಕೆಂಡ್, ಸೆಕೆಂಡಿಗೆ 1000 ಪಲ್ಸ್ ಎಂದುಕೊಳ್ಳಿ. ಸರಾಸರಿ ಶಕ್ತಿ 20 ವ್ಯಾಟ್ ಮಾತ್ರ. ಆಂಟೆನಾ ಗೇನ್, ಅಂದರೆ ಶಕ್ತಿಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಪ್ರಮಾಣ, 2500 ಪಟ್ಟು ಇದ್ದರೆ, 500 ಮೀಟರ್ ದೂರದಲ್ಲಿ, ಕಿರಣದ ನಡುಮಧ್ಯೆ, ಚದರ ಮೀಟರಿಗೆ ಸುಮಾರು 0.016 ವ್ಯಾಟ್ ಬೀಳುತ್ತದೆ. ಇಂಥ ತರಂಗಗಳ ಸುರಕ್ಷತೆ ನೋಡುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿಯ ಮಾರ್ಗಸೂಚಿ ಸಾರ್ವಜನಿಕರಿಗೆ ಇಟ್ಟ ಮಿತಿ 10 ವ್ಯಾಟ್. ಆಂಟೆನಾ ತಿರುಗುವುದರಿಂದ ಸರಾಸರಿ ಇನ್ನೂ ಇಳಿಯುತ್ತದೆ. ಅಂದರೆ ಅಂಜಿಕೆ ಬೇಡ ಎಂಬ ಮಾತು ನಿಜವೇ ಇರಬಹುದು, ಆದರೆ ಅದನ್ನು ಹೇಳಲು ಅವರ ಕೈಯಲ್ಲಿ ಅಂಕಿಯೇ ಇಲ್ಲ. ಆಂಟೆನಾ 5 ಮೀಟರ್ ಅಗಲವಿದ್ದರೆ ಸುಮಾರು 470 ಮೀಟರ್ ಒಳಗೆ ಈ ಸರಳ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಅಳತೆಯೇ ಗತಿ. ಮೊಬೈಲ್ ಟವರಿಗೆ ತರುವ ಡಯೋಡ್ ಪ್ರೋಬ್ ಕೂಡ ಚೂಪಾದ ಪಲ್ಸಿಗೆ ತಪ್ಪು ಸರಾಸರಿ ಕೊಡುತ್ತದೆ. ಕ್ಯಾಲಿಬ್ರೇಷನ್ ಆದ ಆಂಟೆನಾ, ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಜರ್ ಬೇಕು. ತಗಡಿನ ಶೀಟು, ನೀರಿನ ಟಾಕಿಯ ಪಕ್ಕ ತರಂಗ ಪ್ರತಿಫಲಿಸುವುದರಿಂದ ಒಂದೇ ಕಡೆ ಹಿಡಿದರೆ ಸಾಲದು. ಆಂಟೆನಾ ನಿಂತಾಗ ಟ್ರಾನ್ಸ್‌ಮಿಟರ್ ತಾನಾಗಿ ಬಂದ್ ಆಗುತ್ತದೆಯೇ? ಹಾಗೆ ಬಂದ್ ಮಾಡುವ ಇಂಟರ್‌ಲಾಕ್ ಕೆಟ್ಟಿದ್ದರೆ ಕಿರಣ ಒಂದೇ ಮನೆಯ ಮೇಲೆ ನಿಲ್ಲುತ್ತದೆ. ಈ ಪ್ರಶ್ನೆಗೆ ಸಿಕ್ಕ ಉತ್ತರ, ‘ಅದು ನಮ್ಮ ವಿಭಾಗಕ್ಕೆ ಬರೋದಿಲ್ಲರೀ.’

ಇದೇ ಮಾತನ್ನು ಎಷ್ಟು ಕೇಳುವುದು? ಪೈಪಿಗೆಂದು ಅಗೆದ ತಗ್ಗು ಮುಚ್ಚಿರೆಂದರೆ ನಮ್ಮ ವಿಭಾಗವಲ್ಲ, ನಳಕ್ಕೆ ನೀರು ಯಾವಾಗ ಎಂದರೆ ನಮ್ಮ ವಿಭಾಗವಲ್ಲ, ಬೀದಿದೀಪ ಎಂದರೂ ಅದೇ. ಅರ್ಜಿ ಇಸಿದುಕೊಂಡು ಸೀಲು ಹೊಡೆಯುವುದಷ್ಟೇ ಇವರ ವಿಭಾಗವೇ?

ಸರಿಯಾದ ಮೀಟರ್ ತಂದು ಮತ್ತೆ ಅಳೆಯಲಿ, ಇಲ್ಲವೇ ಗುರುವಾರದ ಹೇಳಿಕೆ ವಾಪಸ್ ಪಡೆಯಲಿ. ಪೀಕ್ ಪವರ್, ಗೇನ್, ಆಂಟೆನಾದ ಎತ್ತರ ಬರೆದು ಓಣಿಯಲ್ಲಿ ಹಚ್ಚಲಿ. ಬರುವಾಗ ಆ ತಗ್ಗನ್ನೂ ಕಣ್ಣುಬಿಟ್ಟು ನೋಡಲಿ.

– ನೊಂದ ನಿವಾಸಿಗಳು, ಗೋಕುಲ ರಸ್ತೆ, ಹುಬ್ಬಳ್ಳಿ