ಮನೆಯ ವ್ಯಾಯಾಮಕ್ಕೆ ಬೇಕಿರುವುದು ಏರಿಸಬಹುದಾದ ಭಾರ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಜಿಮ್ ಮಾಡಿಕೊಳ್ಳುವುದರ ಬಗ್ಗೆ ಆರೋಗ್ಯ ಪುರವಣಿಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಕೊಳ್ಳಬೇಕಾದ ವಸ್ತುಗಳ ಪಟ್ಟಿಯಿಂದಲೇ ಆರಂಭವಾಗುತ್ತವೆ. ಯಾವ ಸಲಕರಣೆ ಯಾವ ಕೆಲಸಕ್ಕೆ, ಅದನ್ನು ಯಾವಾಗ ಕೊಂಡರೆ ಸಾಕು ಎಂಬ ವಿವರಣೆ ಅವುಗಳಲ್ಲಿ ಸಿಗುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆಯನ್ನು ಹೇಳುವುದರ ಜೊತೆಗೆ, ಕನಿಷ್ಠ ಎರಡು ದಿನ ಮುಖ್ಯ ಸ್ನಾಯುಗಳಿಗೆಲ್ಲ ಬಲ ತುಂಬುವ ವ್ಯಾಯಾಮವನ್ನೂ ಹೇಳಿದೆ. ನಮ್ಮಲ್ಲಿ ಮೊದಲನೆಯದು ಬೆಳಗಿನ ವಾಕಿಂಗ್ ಆಗಿ ರೂಢಿಗೆ ಬಂದಿದೆ. ಎರಡನೆಯದನ್ನು ಹುಡುಗರ ಶೋಕಿ ಎಂದು ಬದಿಗಿಟ್ಟಿದ್ದೇವೆ. ನಿಜವಾಗಿ ಅದರ ಅಗತ್ಯ ಹೆಚ್ಚಿರುವುದು, ವರ್ಷದಿಂದ ವರ್ಷಕ್ಕೆ ಸ್ನಾಯು ಕರಗುತ್ತಿರುವ ಐವತ್ತು ದಾಟಿದವರಿಗೆ.

ಆರಂಭಕ್ಕೆ ಕಾಸು ಖರ್ಚಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಸಾಮು ತೆಗೆದವರಿಗೆಲ್ಲ ತಿಳಿದಿರುವ ದಂಡ ಮತ್ತು ಬಸ್ಕಿಗಳೇ ಎದೆ, ಭುಜ, ತೊಡೆಗಳಿಗೆ ಬೇಕಾದಷ್ಟು ಕೆಲಸ ಕೊಡುತ್ತವೆ. ಪೂರ್ತಿ ಬಸ್ಕಿ ಆಗದವರು ಕುರ್ಚಿಯ ಅಂಚಿಗೆ ಕೂತು ಕೈಯೂರದೆ ಏಳಬಹುದು. ದಂಡ ಆಗದವರು ಗೋಡೆಗೆ ಕೈಕೊಟ್ಟು ಆರಂಭಿಸಿ, ಮುಂದೆ ಅಡುಗೆಕಟ್ಟೆಯ ಎತ್ತರಕ್ಕೆ, ಆಮೇಲೆ ನೆಲಕ್ಕೆ ಇಳಿಯಬಹುದು. ಆದರೆ ಇವೆರಡರಲ್ಲೂ ಎಳೆಯುವ ಕೆಲಸವಿಲ್ಲ. ಗರಡಿಯಲ್ಲಿ ಹಗ್ಗ ಹತ್ತುವುದು, ಮಲ್ಲಕಂಬ ಆ ಕೊರತೆಯನ್ನು ತುಂಬುತ್ತಿದ್ದವು. ಈಗಿನ ಬಾಡಿಗೆ ಮನೆಯ ಹಾಲ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಹೀಗಾಗಿ ದಿನವಿಡೀ ಕಂಪ್ಯೂಟರಿನ ಮುಂದೆ ಬಾಗಿ ಕೂರುವವರ ಬೆನ್ನಿಗೆ ಕೆಲಸವೇ ಸಿಗುವುದಿಲ್ಲ. ಮೊದಲ ಖರೀದಿ ಏನಾದರೂ ಇದ್ದರೆ ಅದು ಎಳೆಯುವುದಕ್ಕಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಹಳೆಯ ಶಾಲಾಚೀಲಕ್ಕೆ ಐದು ಕಿಲೋ ಅಕ್ಕಿ ತುಂಬಿ, ಒಂದು ಕೈಯನ್ನು ಮಂಚಕ್ಕೆ ಊರಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದವರೆಗೆ ಎಳೆದರೂ ನಡೆಯುತ್ತದೆ.

ಇನ್ನು ಅಂಗಡಿಯ ವಿಚಾರ. ಬಲ ಬೆಳೆಯುವುದು ಭಾರ ಸ್ವಲ್ಪಸ್ವಲ್ಪವಾಗಿ ಏರಿದಾಗ. ಎಂಟರಿಂದ ಹನ್ನೆರಡು ಬಾರಿ ಎತ್ತುವಷ್ಟರಲ್ಲಿ ಕೊನೆಯ ಒಂದೆರಡು ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. ಹನ್ನೆರಡೂ ಸಲೀಸಾದ ಮೇಲೆ ಭಾರ ಹೆಚ್ಚಿಸಬೇಕು. ಆದ್ದರಿಂದ ಬಣ್ಣಬಣ್ಣದ ಒಂದೊಂದು ಕಿಲೋದ ಡಂಬೆಲ್ ಜೋಡಿ ಬೇಗನೆ ನಿರುಪಯುಕ್ತವಾಗುತ್ತದೆ. ರಾಡಿಗೆ ಪ್ಲೇಟು ತೊಡಿಸಿ ನಟ್ ಬಿಗಿಯುವ ಜೋಡಿ ವರ್ಷಗಟ್ಟಲೆ ಬಾಳುತ್ತದೆ. ಇಲ್ಲಿಯೂ ಒಂದು ಲೆಕ್ಕವಿದೆ. ಡಂಬೆಲ್‌ನ ಒಂದು ಬದಿಗೆ 1.25 ಕಿಲೋ ಸೇರಿಸಿದರೆ ಇನ್ನೊಂದು ಬದಿಗೂ ಸೇರಿಸಲೇಬೇಕು. ಹೀಗೆ 5 ಕಿಲೋ ಒಮ್ಮೆಗೇ 7.5 ಕಿಲೋ ಆಗುತ್ತದೆ. ತೊಡೆಗೆ ಇದು ಏನೂ ಅಲ್ಲ, ಭುಜಕ್ಕೆ ಒಂದೂವರೆ ಪಟ್ಟು ಹೊರೆ. ಅರ್ಧ ಕಿಲೋದ ನಾಲ್ಕು ಪ್ಲೇಟುಗಳನ್ನು ಬೇರೆಯಾಗಿ ಕೇಳಿ ಪಡೆಯುವುದು ಒಳಿತು.

ಆನ್‌ಲೈನ್‌ನಲ್ಲಿ ‘20 ಕೆ.ಜಿ. ಹೋಮ್ ಜಿಮ್’ ಎಂದು ಮಾರುವ ಸೆಟ್‌ಗಳಲ್ಲಿ ಆ ಇಪ್ಪತ್ತು ಎಂಬುದು ಎಲ್ಲ ಪ್ಲೇಟುಗಳ ಒಟ್ಟು ತೂಕ, ಒಂದೊಂದು ಕೈಗೆ ಬರುವ ತೂಕವಲ್ಲ. ಅಗ್ಗದವು ಸಾಮಾನ್ಯವಾಗಿ ಪಿವಿಸಿ ಚಿಪ್ಪಿನೊಳಗೆ ಸಿಮೆಂಟ್ ತುಂಬಿದವು. ಪರಿಚಿತರೊಬ್ಬರ ಮನೆಯಲ್ಲಿ ನೋಡಿದ ಜೋಡಿಯಲ್ಲಿ ಅಂಚಿನ ಮುಚ್ಚಳ ಬಿಟ್ಟುಕೊಂಡು, ಎತ್ತಿದಾಗಲೆಲ್ಲ ಬೂದುಬಣ್ಣದ ಪುಡಿ ಚಾಪೆಯ ಮೇಲೆ ಉದುರುತ್ತಿತ್ತು. ಎರಕದ ಕಬ್ಬಿಣ ದುಬಾರಿ, ನಿಜ. ಆದರೆ ಅದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದು, ತುಕ್ಕು ಉಜ್ಜಿದರೆ ಹೋಗುತ್ತದೆ. ರಂಧ್ರದ ಅಳತೆಯನ್ನು ಮಾತ್ರ ನೋಡಿಕೊಳ್ಳಬೇಕು: ಒಲಿಂಪಿಕ್ ಪ್ಲೇಟಿನ 50 ಮಿ.ಮೀ. ರಂಧ್ರ ಮನೆಬಳಕೆಯ ಸಣ್ಣ ರಾಡಿಗೆ ಸಡಿಲವಾಗುತ್ತದೆ. ರಬ್ಬರ್ ಬ್ಯಾಂಡುಗಳು ಎಳೆಯುವ ವ್ಯಾಯಾಮಕ್ಕೆ ಒಳ್ಳೆಯವು, ಅಗ್ಗವೂ ಹೌದು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ನೇತುಹಾಕಿದರೆ ಲ್ಯಾಟೆಕ್ಸ್ ಒಣಗಿ ಬಿರುಕು ಬಿಡುತ್ತದೆ, ಆ ಬಿರುಕಿನ ಬ್ಯಾಂಡ್ ಮುಖದ ಮುಂದೆ ಕಿತ್ತು ಬಂದರೆ ಕಣ್ಣಿಗೇ ಅಪಾಯ. ಬಳಸುವ ಮುನ್ನ ಪ್ರತಿ ಸಲವೂ ಎಳೆದು ನೋಡಬೇಕು. ಬೆಂಚು, ಮಲ್ಟಿಜಿಮ್ ಮುಂತಾದವುಗಳ ಮಾತು ಆಮೇಲಿನದು.

ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು, ಮತ್ತು ಎತ್ತುವಾಗ ಉಸಿರು ಬಿಗಿಹಿಡಿಯಬಾರದು; ಬಿಗಿಹಿಡಿದರೆ ಒತ್ತಡ ಥಟ್ಟನೆ ಏರುತ್ತದೆ.

ಕೊನೆಯದಾಗಿ ನಗರಸಭೆ, ಪಾಲಿಕೆಗಳಲ್ಲಿ ಒಂದು ಮನವಿ. ಉದ್ಯಾನಗಳಲ್ಲಿ ಅಳವಡಿಸುತ್ತಿರುವ ತೆರೆದ ಜಿಮ್ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಭಾರ ಬದಲಿಸುವ ಸೌಲಭ್ಯವೇ ಇಲ್ಲ. ಕೀಲುಗಳಿಗೆ ಎಣ್ಣೆ ಕಾಣಿಸದಿದ್ದರೆ ಕೀರಲು ಶಬ್ದ ಬೇರೆ. ಮನೆಯಲ್ಲಿ ಅಳವಡಿಸಲು ಕಷ್ಟವಾದದ್ದು ಎಳೆಯುವ ಸಲಕರಣೆ, ಉದ್ಯಾನದಲ್ಲಿ ಸುಲಭವಾದದ್ದೂ ಅದೇ. ಅಂಥ ಒಂದು ಯಂತ್ರದ ಬದಲಿಗೆ ಮೂರು ಎತ್ತರಗಳಲ್ಲಿ ಕಬ್ಬಿಣದ ಅಡ್ಡಕಂಬಿಗಳನ್ನು ನೆಡಲಿ: ಜೋತುಬೀಳುವವರಿಗೆ ತಲೆಗಿಂತ ಮೇಲೊಂದು, ಕಾಲನ್ನು ನೆಲಕ್ಕೆ ಊರಿ ದೇಹವನ್ನು ಎಳೆದುಕೊಳ್ಳುವ ಹಿರಿಯರಿಗೆ ಸೊಂಟದ ಮಟ್ಟಕ್ಕೊಂದು, ಮಕ್ಕಳಿಗೆ ನಡುವೆ ಒಂದು.

– ಒಬ್ಬ ಓದುಗ, ಮೈಸೂರು