ಸ್ಟೂಲಿನ ಪರಾತಿ (ದೂರು): ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಜವಳಿ ಅಂಗಡಿಯಲ್ಲಿ ನೀನು ಕೂರುವ ಸ್ಟೂಲನ್ನು ತೆಗೆಸಿದ ಸೂಪರ್‌ವೈಸರನನ್ನು ನಿನ್ನೆ ಫೋನಿನಲ್ಲಿ ನೀನು ಎರಡು ಮಾತು ಬೈದೆ, ಜೊತೆಯ ಹುಡುಗಿಯರನ್ನು ಅರ್ಧ ಗಂಟೆ ಬೈದೆ. ಚಾ ಕುಡಿಯುವಾಗ "ನಾವೆಲ್ಲ ಇದ್ದೇವೆ, ನೀನು ಮಾತಾಡು" ಎಂದ ಮೂವರೂ ಮ್ಯಾನೇಜರನ ಕೋಣೆಯೊಳಗೆ ನೆಲ ನೋಡಿದರಂತೆ. ಒಬ್ಬಳಂತೂ "ನನಗೇನೂ ತೊಂದರೆ ಇಲ್ಲ ಸಾರ್" ಎಂದೇ ಬಿಟ್ಟಳಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಅರ್ಧ ಮರೆತುಹೋಗುತ್ತದೆ, ಉಳಿದರ್ಧಕ್ಕೆ ನಾವಿಬ್ಬರೂ ಜಗಳ ಮಾಡುತ್ತೇವೆ. ಹಾಗಾಗಿ ಬರೆಯುತ್ತಿದ್ದೇನೆ, ನಿಧಾನ ಓದು.

ಆ ಹುಡುಗಿಯರ ಲೆಕ್ಕ ಮೊದಲು ಮುಗಿಸೋಣ. ಕಾಸರಗೋಡು ಪೇಟೆ ಎಷ್ಟು ದೊಡ್ಡದು ಮಾರಾಯ್ತಿ? ಒಬ್ಬಳು ಮದುವೆಗೆ ಮುಂಗಡ ತೆಗೆದುಕೊಂಡಿರುತ್ತಾಳೆ, ಇನ್ನೊಬ್ಬಳ ಅಮ್ಮ ಯಜಮಾನರ ಕಡೆಯವರ ಕುರಿಯಲ್ಲಿ (ಚಿಟ್ ಫಂಡಿನಲ್ಲಿ) ಸೇರಿರುತ್ತಾಳೆ, ಮತ್ತೊಬ್ಬಳ ಅಣ್ಣನ ದುಬೈ ವೀಸಾ ಅದೇ ಮನೆಯವರ ಕೈಯಲ್ಲಿರುತ್ತದೆ. ಇಲ್ಲಿ ಅಂಗಡಿಯಲ್ಲಿ ಆಡಿದ ಮಾತು ಸಂಜೆ ಬಸ್ಸಿಗಿಂತ ಮೊದಲು ಮನೆ ತಲುಪುತ್ತದೆ. ಅವರು ನಿನಗೆ ಮೋಸ ಮಾಡಿದರು ಎಂದುಕೊಳ್ಳಬೇಡ. ಚಾದಂಗಡಿಯಲ್ಲಿ ಹೇಳಿದ್ದೂ ಸುಳ್ಳಲ್ಲ, ಕೋಣೆಯಲ್ಲಿ ಹೆದರಿದ್ದೂ ಸುಳ್ಳಲ್ಲ.

ನೀನು ಮಾಡಿದ ತಪ್ಪು ಒಂದೇ, ಅದೂ ವ್ಯಾಕರಣದ್ದು. "ನಮಗೆ ಕೂರಲು ಬಿಡುವುದಿಲ್ಲ" ಎಂದೆ. "ನಮಗೆ ಅಂದರೆ ಯಾರಿಗೆಲ್ಲ?" ಎಂದು ಮ್ಯಾನೇಜರ್ ಕೇಳಿದ ಕೂಡಲೇ ಮಾತು ಸ್ಟೂಲಿನಿಂದ ಜಾರಿ ಹುಡುಗಿಯರ ಮೇಲೆ ಹೋಯಿತು. ಒಬ್ಬಳು ಇಲ್ಲ ಎಂದರೆ ಸಾಕು, ನೀನು ಸುಳ್ಳುಗಾರ್ತಿ. ಇನ್ನು ಮೇಲೆ ಬಾಯಲ್ಲೂ ಕಾಗದದಲ್ಲೂ "ನಾನು", "ನನಗೆ" ಎಂದೇ ಬರಲಿ. "ನನ್ನ ಸ್ಟೂಲು ತೆಗೆದರು, ನಾನು ನಾಲ್ಕು ಗಂಟೆ ನಿಂತೆ." ಇದಕ್ಕೆ ಬೇರೆಯವರ ಒಪ್ಪಿಗೆ ಬೇಡ. ಇಲ್ಲ ಎನ್ನಬೇಕಾದರೂ ಅವರು ನಿನ್ನ ಕಾಲಿನ ವಿಷಯವನ್ನೇ ಇಲ್ಲ ಎನ್ನಬೇಕು.

ಕೂರುವುದು ಯಜಮಾನರ ದಾಕ್ಷಿಣ್ಯವಲ್ಲ. ಕೇರಳ ಶಾಪ್ಸ್ ಆಂಡ್ ಕಮರ್ಷಿಯಲ್ ಎಸ್ಟಾಬ್ಲಿಷ್‌ಮೆಂಟ್ಸ್ ಆ್ಯಕ್ಟ್ 1960ರದ್ದು. ಅದಕ್ಕೆ 2018ರಲ್ಲಿ 21ಬಿ ಎಂಬ ಸೆಕ್ಷನ್ ಸೇರಿಸಿದರು. ಕೆಲಸದ ನಡುವೆ ಕೂರುವ ಅವಕಾಶ ಸಿಕ್ಕಾಗ ಕೂರಲಿಕ್ಕೆ ಎಲ್ಲ ಕೆಲಸಗಾರರಿಗೂ ಆಸನದ ವ್ಯವಸ್ಥೆ ಇರಬೇಕು ಎಂದು ಅದು ಹೇಳುತ್ತದೆ. ಗಿರಾಕಿ ಇದ್ದಾಗ ಕೂರುವ ಹಕ್ಕನ್ನು ಯಾರೂ ಕೇಳುತ್ತಿಲ್ಲ, ಅದನ್ನು ನೀನೂ ಮರೆಯಬೇಡ. ಇದರ ಹಿಂದೆ ಜವಳಿ ಅಂಗಡಿಗಳ ಹೆಂಗಸರ ವರ್ಷಗಟ್ಟಲೆಯ 'ಇರಿಕ್ಕಲ್ ಸಮರಂ', ಅಂದರೆ ಕೂರುವ ಹಕ್ಕಿನ ಹೋರಾಟ ಇದೆ. ಕೋಳಿಕ್ಕೋಡಿನಲ್ಲಿ ಅವರನ್ನು ಸಂಘಟಿಸಿದ ಪಿ. ವಿಜಿ ಹೊಲಿಗೆ ಕೆಲಸದವರು. ಅಲ್ಲಿ ಮಿಠಾಯಿ ತೆರುವಿನ ಹೆಂಗಸರು ಮೊದಲು ಎತ್ತಿದ್ದು ಮೂತ್ರಖಾನೆಯ ಪ್ರಶ್ನೆಯನ್ನು. "ಗೌರವ ಕೊಡಿ" ಎಂದು ಕೇಳಿದರೆ ಕೊಟ್ಟಿದ್ದೇವೆ ಎನ್ನಬಹುದು, ಶೌಚಾಲಯ ಎಲ್ಲಿದೆ ಎಂದು ಕೇಳಿದರೆ ತೋರಿಸಲೇಬೇಕಲ್ಲ.

ಈಗ ನಿನ್ನ ಗಂಟೆಗಳ ಲೆಕ್ಕ. ಬೆಳಿಗ್ಗೆ 9.30ಕ್ಕೆ ಹೋಗಿ ರಾತ್ರಿ 8.30ಕ್ಕೆ ಬಿಡುತ್ತಿ. ಒಟ್ಟು 11 ಗಂಟೆ. ಊಟದ ಒಂದು ಗಂಟೆ ಕಳೆದರೆ ದುಡಿದದ್ದು 10. ಅದೇ ಕಾಯ್ದೆಯಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48. ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿಲ್ಲ, ಆ ಮೊದಲೇ ಕನಿಷ್ಠ ಒಂದು ಗಂಟೆ ವಿರಾಮ. ವಿರಾಮ ಸೇರಿಸಿಯೂ ದಿನದ ಹರವು ಹತ್ತೂವರೆ ಗಂಟೆ ಮೀರಬಾರದು. ನಿನ್ನದು ಅರ್ಧ ಗಂಟೆ ಮೀರುತ್ತಿದೆ. ಎಂಟರ ಮೇಲಿನ ಎರಡು ಗಂಟೆಗೆ ಎರಡು ಪಟ್ಟು ದರ. ತಿಂಗಳಿಗೆ 15,000 ರೂಪಾಯಿ ಸಂಬಳವನ್ನು 26 ದಿನಕ್ಕೂ 8 ಗಂಟೆಗೂ ಭಾಗಿಸಿದರೆ ಗಂಟೆಗೆ ಸುಮಾರು 72, ಓವರ್‌ಟೈಮಿಗೆ 144. ದಿನಕ್ಕೆ ಎರಡರಂತೆ 25 ದಿನಕ್ಕೆ 50 ಗಂಟೆ, ಸುಮಾರು 7,200 ರೂಪಾಯಿ. ಮೂರು ತಿಂಗಳಲ್ಲಿ ಮಾಡಿಸಬಹುದಾದ ಓವರ್‌ಟೈಮಿನ ಮಿತಿಯೇ 50 ಗಂಟೆ. ನಿನಗೆ ಅದು ಒಂದೇ ತಿಂಗಳಲ್ಲಿ ಮುಗಿಯುತ್ತದೆ.

ಈ ಲೆಕ್ಕದಲ್ಲಿ ಒಬ್ಬ ಸಾಕ್ಷಿಯೂ ಬೇಕಾಗಿಲ್ಲ ಎಂಬುದನ್ನು ಗಮನಿಸಿದೆಯಾ? ಪಂಚಿಂಗ್ ಮೆಷಿನು, ಡ್ಯೂಟಿ ಚಾರ್ಟು, ಬ್ಯಾಂಕ್ ಪಾಸ್‌ಬುಕ್ಕು ಮೂರೂ ಮಾತಾಡುತ್ತವೆ. ಪಿಎಫ್ ಕೂಡ ಹಾಗೆಯೇ. ಸಂಬಳದಿಂದ ಶೇ. 12 ಹಿಡಿಯುತ್ತಾರಾದರೆ ಮುಂದಿನ ತಿಂಗಳ 15ರ ಒಳಗೆ ಅದನ್ನು ಕಟ್ಟಬೇಕು. ಯುಎಎನ್ (ಪಿಎಫ್‌ನಲ್ಲಿ ನಿನ್ನ ನಂಬರು) ಹಾಕಿ ಪಾಸ್‌ಬುಕ್ ತೆರೆದು ನೋಡು. ಹಿಡಿದು ಕಟ್ಟದೇ ಇದ್ದರೆ ಅದು ಸ್ಟೂಲಿಗಿಂತ ದೊಡ್ಡ ವಿಷಯ. ಜೊತೆಗೆ ಯಾರೂ ಇಲ್ಲದಿರುವಾಗ ಇಂತಹ ಕಾಗದದ ತಪ್ಪುಗಳನ್ನು ಮುಂದಿಟ್ಟುಕೊಂಡು ಹೋಗಬೇಕು, ಬಾಯಿಮಾತಿನ ಅವಮಾನಗಳನ್ನು ಅವುಗಳ ಬೆನ್ನಿಗೆ ಕಟ್ಟಬೇಕು.

ಬಾಯಿಮಾತಿಗೆ ನೋಟ್‌ಬುಕ್. ಅಂದಿನದ್ದು ಅಂದೇ, ಶಾಯಿಯಲ್ಲಿ, ಪುಟಕ್ಕೆ ನಂಬರು ಹಾಕಿ ಬರೆ. ಹೀಗೆ:

"12-8, ಮಂಗಳವಾರ. ಸಂಜೆ 4.20. ಎರಡನೇ ಮಾಳಿಗೆ, ಸೀರೆ ಸೆಕ್ಷನ್. ಗಿರಾಕಿ ಇರಲಿಲ್ಲ, ಸ್ಟೂಲಿನಲ್ಲಿ ಕೂತಿದ್ದೆ. ಸೂಪರ್‌ವೈಸರ್ ಬಂದು 'ಇರಿಕ್ಕಾನಾಣೋ ಶಂಬಳಂ?' (ಕೂರಲಿಕ್ಕಾ ಸಂಬಳ?) ಎಂದರು. ಸ್ಟೂಲನ್ನು ಸ್ಟೋರಿಗೆ ಒಯ್ಯಿಸಿದರು. 8.30ರ ತನಕ ನಿಂತಿದ್ದೆ. ಹತ್ತಿರ ಇದ್ದವರು: ಬಿಲ್ಲಿಂಗಿನವಳು, ಹೊಸ ಹುಡುಗ."

ಅಷ್ಟೇ. "ರಾಕ್ಷಸನಂತೆ ಕಿರುಚಿದ" ಬೇಡ. ಮಲೆಯಾಳದಲ್ಲಿ ಹೇಳಿದ್ದನ್ನು ಮಲೆಯಾಳದಲ್ಲೇ ಕನ್ನಡ ಅಕ್ಷರದಲ್ಲಿ ಬರೆ, ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆ, ವೈಟ್ನರ್ ಹಚ್ಚಬೇಡ. ನಡುವೆ ಪುಟ ಖಾಲಿ ಬಿಡಬೇಡ. ಹೆಚ್ಚಿನವರು ಎಡವುವುದು ಪರಾತಿ ಕೊಡುವ ಹಿಂದಿನ ರಾತ್ರಿ ಕೂತು ಮೂರು ತಿಂಗಳದ್ದನ್ನು ಒಂದೇ ಪೆನ್ನಿನಲ್ಲಿ ಬರೆದು. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ನೋಟ್‌ಬುಕ್ ಅಂಗಡಿಯ ಲಾಕರಿನಲ್ಲಿ ಇಡಬೇಡ.

ಹೀಗೆ ಕಾಗದ ಹಿಡಿದು ಹೋರಾಡುವುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬೀಳುತ್ತಿದ್ದ ಕಾಲದಲ್ಲಿ ಪಡ್ರೆಯ ವಾಣೀನಗರದ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದು ಹೊರಗೆ ತಿಳಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು, 2000ದಲ್ಲಿ ಅಲ್ಲಿಂದ ಸಿಂಪಡಣೆಗೆ ತಡೆ ಬಂತು.

ಫೋನಿನ ಸಂಗತಿ. ಸ್ಕ್ರೀನ್‌ಶಾಟ್ ತೆಗೆಯುವಾಗ ತಾರೀಕು ಕಾಣಬೇಕು, ಹೆಸರಿನ ಜೊತೆ ನಂಬರೂ ಕಾಣಬೇಕು. "ಸೂಪ್ರವೈಸರ್ ಚೇಟ" ಎಂದು ನೀನು ಸೇವ್ ಮಾಡಿದ ಹೆಸರು ಯಾರದ್ದೂ ಆಗಬಹುದು. ಮೂಲ ಮೆಸೇಜನ್ನು ಅಳಿಸಬೇಡ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೋ. ಕೋರ್ಟಿನ ತನಕ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂತಹ ದಾಖಲೆಗೆ ಸರ್ಟಿಫಿಕೇಟ್ ಬೇಕಾಗುತ್ತದೆ. ಸಿಸಿಟಿವಿ ಕೆಲವೇ ವಾರಗಳಲ್ಲಿ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ; ಅದು ಮುಖ್ಯವಾದರೆ "ಇಂಥ ದಿನ ಇಂಥ ಹೊತ್ತಿನದ್ದನ್ನು ಉಳಿಸಿಡಿ" ಎಂದು ಬೇಗನೇ ಬರೆದು ಕೊಡು. ಮತ್ತೆ, ಸ್ಟೇಟಸ್ ಹಾಕುವುದು ಬೇಡ. ಒಂದು ದಿನದ ಸಮಾಧಾನಕ್ಕೆ ಅವರ ಕೈಗೆ ನೀನೇ ಕೋಲು ಕೊಟ್ಟ ಹಾಗೆ.

ಹುಡುಗಿಯರ ಹತ್ತಿರ "ಸೈನ್ ಹಾಕ್ತೀಯಾ" ಎಂದು ಇನ್ನು ಕೇಳಬೇಡ. ಸಣ್ಣದನ್ನು ಕೇಳು. "ಮಂಗಳವಾರ ಸಂಜೆ ನೀನು ಬಿಲ್ಲಿಂಗಿನಲ್ಲೇ ಇದ್ದೆಯಲ್ಲ?" ಎಂದು ಮೆಸೇಜ್ ಹಾಕು. "ಹೂಂ" ಎಂದು ಬಂದರೆ ಅಷ್ಟು ಸಾಕು. ಅವಳಿಗೆ ತಿಳಿಸದೆ ಅವಳ ಹೆಸರನ್ನು ಸಾಕ್ಷಿ ಎಂದು ಬರೆಯಬೇಡ, ಎಳೆದು ತಂದ ಸಾಕ್ಷಿ ತಿರುಗಿ ನಿಲ್ಲುತ್ತಾಳೆ. ಕಳೆದ ವರ್ಷ ಕೆಲಸ ಬಿಟ್ಟು ಹೋದವಳು ಯಾರಾದರೂ ಇದ್ದಾಳಾ ನೋಡು. ಬಿಟ್ಟವಳಿಗೆ ಕಳೆದುಕೊಳ್ಳಲು ಕಮ್ಮಿ, ನೆನಪು ಜಾಸ್ತಿ.

ಬರೆದು ಕೊಡುವ ಮೊದಲು ಅಪಾಯಿಂಟ್‌ಮೆಂಟ್ ಆರ್ಡರಿನ ಪ್ರತಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐಡಿ ಕಾರ್ಡಿನ ಫೋಟೋ ಇಷ್ಟು ಮನೆಗೆ ಬರಲಿ. ಪರಾತಿ ಹೋದ ಮರುದಿನ ಅಂಗಡಿಯ ಆ್ಯಪ್ ತೆರೆಯುವುದಿಲ್ಲ, ಡ್ಯೂಟಿ ಚಾರ್ಟು ಗೋಡೆಯಲ್ಲಿರುವುದಿಲ್ಲ. ನಿನ್ನ ಒರಿಜಿನಲ್ ಸರ್ಟಿಫಿಕೇಟ್ ಅವರಲ್ಲಿದ್ದರೆ ಏನಾದರೊಂದು ಕಾರಣ ಹೇಳಿ ಮೊದಲು ಅದನ್ನು ಬಿಡಿಸಿಕೋ. ಅಂಗಡಿಗೆ ಸೇರಿ ಆರು ತಿಂಗಳು ತುಂಬಿತಾ ಎಂದೂ ನೋಡು. ತುಂಬಿದ್ದರೆ ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳವಿಲ್ಲದೆ ತೆಗೆಯಲು ಬರುವುದಿಲ್ಲ. ಸ್ವಲ್ಪ ದಿನ ಕಮ್ಮಿ ಇದ್ದರೆ ಕಾಯುವುದೇ ಜಾಣತನ, ಅದನ್ನು ಹೇಡಿತನ ಎನ್ನುವವರು ಎನ್ನಲಿ.

ಅರ್ಜಿ ಒಂದೇ ಪುಟ. ಮ್ಯಾನೇಜರರಿಗೆ. ಮೂರು ಘಟನೆ, ತಾರೀಕು ಸಮೇತ. ಆಮೇಲೆ ಬೇಡಿಕೆ: "ಸೀರೆ ಸೆಕ್ಷನಿಗೆ ಸ್ಟೂಲು ಮರಳಿ ಇಡಿಸಬೇಕು. ಜೂನ್ ತಿಂಗಳಿಂದ ನಾನು ಮಾಡಿದ ಓವರ್‌ಟೈಮಿನ ಲೆಕ್ಕ ಕೊಡಬೇಕು. 15 ದಿನದೊಳಗೆ ಬರೆದು ಉತ್ತರಿಸಬೇಕು." ಸೂಪರ್‌ವೈಸರನನ್ನು ತೆಗೆಯಿರಿ ಎಂದು ಬರೆಯಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ಸಹಿ, ಸೀಲು, ತಾರೀಕು ಹಾಕಿಸಿಕೋ. ತೆಗೆದುಕೊಳ್ಳದಿದ್ದರೆ ವಾದ ಮಾಡಬೇಡ, ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ, ತಲುಪಿದ ವಿವರದ ಪ್ರಿಂಟ್ ತೆಗೆ.

ಆಮೇಲೆ ಕೋಣೆಗೆ ಕರೆಯುತ್ತಾರೆ. ಮಾತು ಮುಗಿದ ಸಂಜೆಯೇ "ಇವತ್ತು ತಾವು ಹೀಗೆ ಹೇಳಿದಿರಿ, ನಾನು ಹೀಗೆ ಹೇಳಿದೆ" ಎಂದು ಮೆಸೇಜ್ ಅಥವಾ ಮೇಲ್ ಹಾಕು. ಏನಾದರೂ ಬರೆದದ್ದನ್ನು ಮುಂದೆ ದೂಡಿ ಸೈನ್ ಹಾಕು ಎಂದರೆ "ಓದಿದೆ, ಒಪ್ಪಿಗೆ ಇಲ್ಲ" ಎಂದು ಬರೆದು ತಾರೀಕಿನೊಂದಿಗೆ ಹಾಕು. ಖಾಲಿ ಕಾಗದಕ್ಕೆ ಬೇಡ. ರಾಜೀನಾಮೆಯನ್ನಂತೂ ಆ ಕೋಣೆಯೊಳಗೆ ಬರೆಯಲೇಬೇಡ; "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದು ಎದ್ದು ಬಾ. ಆ ಒಂದು ಮಾತಿಗೆ ಅಮ್ಮ ಅಪ್ಪ ಇರುವುದು.

15 ದಿನ ಕಳೆದೂ ಉತ್ತರ ಇಲ್ಲವೆಂದಾದರೆ ಅಸಿಸ್ಟೆಂಟ್ ಲೇಬರ್ ಆಫೀಸರರಿಗೆ. ಕನ್ನಡದಲ್ಲೇ ಬರೆಯಬಹುದು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಇದೆ. ಆದರೆ ಅಧಿಕಾರಿ ತೆಂಕಣ ಜಿಲ್ಲೆಯವರಾಗಿದ್ದರೆ ನಿನ್ನ ಕಾಗದ ಓದುವವರಿಗಾಗಿ ಕಾಯುತ್ತಾ ಕೂರುತ್ತದೆ. ಹಕ್ಕಿಗೆ ಕನ್ನಡ, ಕೆಲಸಕ್ಕೆ ಮಲೆಯಾಳದ ಪ್ರತಿ, ಎರಡನ್ನೂ ಒಟ್ಟಿಗೆ ಪಿನ್ ಮಾಡು. ಮಲೆಯಾಳ ಮಾಡಿಸುವಾಗ ಹತ್ತಿರವೇ ಕೂತಿರು. ನಾವು "ಅವಸರ ಮಾಡಿದರು" ಎಂದರೆ ಗಡಿಬಿಡಿ, ಮಲೆಯಾಳದಲ್ಲಿ 'ಅವಸರಂ' ಎಂದರೆ ಅವಕಾಶ. ನಾವು ಸೊಳ್ಳೆಯ ಕಾಟಕ್ಕೂ "ಉಪದ್ರ" ಎನ್ನುತ್ತೇವೆ, ಅಲ್ಲಿ 'ಉಪದ್ರವಂ' ಭಾರದ ಶಬ್ದ, ಲೈಂಗಿಕ ಕಿರುಕುಳಕ್ಕೂ ಬರುತ್ತದೆ. ಸ್ಟೂಲಿನ ಅರ್ಜಿಯಲ್ಲಿ ಅದು ನುಸುಳಿದರೆ ಕೇಸಿನ ಬಣ್ಣವೇ ಬೇರೆಯಾಗುತ್ತದೆ.

ನಿಜವಾಗಿಯೂ ಆ ಬಗೆಯ ಉಪದ್ರವ ಇದ್ದು ನೀನು ನನ್ನಲ್ಲಿ ಹೇಳದೆ ಇದ್ದರೆ, ಅದಕ್ಕೆ ದಾರಿ ಬೇರೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಕಮ್ಮಿ ಇದ್ದರೆ ಅಥವಾ ಯಜಮಾನರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆಯಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರಿನ ಆರು ಪ್ರತಿ ಕೊಡಬೇಕು. ವಿಚಾರಣೆ ಮುಗಿಯುವ ತನಕ ಉಪದ್ರವ ಕೊಟ್ಟವನನ್ನಾಗಲಿ ನಿನ್ನನ್ನಾಗಲಿ ಬೇರೆ ಕಡೆ ಹಾಕಲು, ಅಥವಾ ಮೂರು ತಿಂಗಳವರೆಗೆ ರಜೆಗೆ, ನೀನು ಬರೆದು ಕೇಳಬಹುದು. ಸಮಿತಿಯವರೇ "ರಾಜಿ ಮಾಡಿಕೊಳ್ಳಿ" ಎಂದು ಶುರು ಮಾಡುವಂತಿಲ್ಲ, ನೀನು ಕೇಳಿದರೆ ಮಾತ್ರ. ದುಡ್ಡಿನ ರಾಜಿಯಂತೂ ಇಲ್ಲವೇ ಇಲ್ಲ. "ಸಾಕ್ಷಿ ಇಲ್ಲದಿದ್ದರೆ ಸುಳ್ಳು ದೂರು ಎಂದು ನಿನ್ನ ಮೇಲೆಯೇ ಬರುತ್ತದೆ" ಎಂದು ಹೆದರಿಸುವವರು ಸಿಗುತ್ತಾರೆ. ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ರಮ ಇಲ್ಲ ಎಂದು ಅದೇ ಕಾಯ್ದೆಯ 14ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಆ ಹುಡುಗಿಯರು ಬಾಯಿ ಬಿಡದಿದ್ದರೂ ನಿನ್ನ ಬಾಯಿ ಮುಚ್ಚಿಸಲು ಬರುವುದಿಲ್ಲ.

ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಧರ್ಮಕ್ಕೆ ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಭಾನುವಾರ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೋ, ದಾರದಲ್ಲಿ ಹೊಲಿದದ್ದು. ಸ್ಪೈರಲ್ ಬೇಡ, ಹಾಳೆ ಕಿತ್ತರೂ ಗೊತ್ತಾಗುವುದಿಲ್ಲ. ಯುಎಎನ್ ನಂಬರು ಸಂಬಳದ ಚೀಟಿಯಲ್ಲಿರುತ್ತದೆ, ಅದನ್ನೂ ತಾ. ಕಾಲಿಗೆ ಹಚ್ಚಲು ಎಣ್ಣೆ ಕಾಯಿಸಿ ಇಟ್ಟಿರುತ್ತೇನೆ.

ನಿನ್ನ
ಅಮ್ಮ